ಎಲ್ಲಿಗೆಂದು ಕೇಳದ ಜೊತೆಗಾರ

ಪ್ರಯಾಣಕ್ಕೆ ಕರೆದರೆ ಮನುಷ್ಯ ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾನೆ: ಎಲ್ಲಿಗೆ, ಎಷ್ಟು ದಿನಕ್ಕೆ, ಖರ್ಚೆಷ್ಟು? ಎಷ್ಟೇ ಆಪ್ತನಾದ ಸ್ನೇಹಿತನೂ ಕೇಳುತ್ತಾನೆ. ಸಂಕೋಚದಿಂದ ಅವನು ಸುಮ್ಮನಿದ್ದರೆ ಅವನ ಮನೆಯವರು ಕೇಳುತ್ತಾರೆ. ಇದರಲ್ಲಿ ಅಪನಂಬಿಕೆಯೇನೂ ಇಲ್ಲ. ತನ್ನ ಕಾಲವನ್ನೂ ಮೈಯನ್ನೂ ಇನ್ನೊಬ್ಬನ ಕೈಗೆ ಒಪ್ಪಿಸುವ ಮುಂಚೆ ಸ್ವಲ್ಪ ವಿಚಾರಿಸಿಕೊಳ್ಳುವುದು ವಿವೇಕವೇ ಸರಿ. ಆದರೆ ಮನೆಯಲ್ಲಿ ಸಾಕಿದ ನಾಯಿ ಈ ಮೂರರಲ್ಲಿ ಒಂದನ್ನೂ ಕೇಳುವುದಿಲ್ಲ. ಮೋಟಾರಿನ ಬಾಗಿಲು ತೆರೆದ ಸದ್ದಾದರೆ ಸಾಕು, ಹಾರಿ ಹಿಂದಿನ ಆಸನದಲ್ಲಿ ಕುಳಿತುಬಿಟ್ಟಿರುತ್ತದೆ. ಹೋಗುವುದು ಹೊಳೆಯ ದಂಡೆಗೋ, ಸೂಜಿ ಚುಚ್ಚುವ ವೈದ್ಯರ ಬಳಿಗೋ, ಇಲ್ಲವೆ ಮರಳಿ ಬಾರದಂತೆ ಇಳಿಸಿಬಿಡುವ ಯಾವುದೋ ಹೆದ್ದಾರಿಯ ಅಂಚಿಗೋ, ಅದಕ್ಕೆ ತಿಳಿಯದು. ಎಲ್ಲದಕ್ಕೂ ಅದು ಹೊರಡುವುದು ಒಂದೇ ಉತ್ಸಾಹದಿಂದ.

ವಾರದ ಕೊನೆಯಲ್ಲಿ ಊರು ಬಿಟ್ಟು ಹೊರಡುವ ಅಭ್ಯಾಸ ನಮ್ಮ ನಗರಗಳಲ್ಲಿ ಈಗ ಬೇರೂರಿದೆ. ಶನಿವಾರದ ಬೆಳಗಿನ ಜಾವ ಬೆಂಗಳೂರಿನಿಂದ ಮೈಸೂರಿನ ಕಡೆಗೋ ಹಾಸನದ ಕಡೆಗೋ ಸಾಗುವ ಗಾಡಿಗಳನ್ನು ಗಮನಿಸಿದವರಿಗೆ ಈ ಚಿತ್ರ ಹೊಸದಲ್ಲ: ಮಡಿಸಿಟ್ಟ ಡೇರೆ, ಮಲಗುವ ಚೀಲ, ಸಣ್ಣದೊಂದು ಒಲೆ, ನೀರಿನ ಡಬ್ಬಿ, ಮುಂದೆ ಇಬ್ಬರು ಸ್ನೇಹಿತರು, ಹಿಂದಿನ ಕಿಟಕಿಯಲ್ಲಿ ಕಿವಿಯನ್ನು ಗಾಳಿಗೊಡ್ಡಿ ಕುಳಿತ ನಾಯಿ. ನೋಡುವುದಕ್ಕೆ ಸೊಗಸಾದ ಚಿತ್ರವೇ. ಎರಡು ದಿನದ ಈ ವಿನೋದದಲ್ಲಿ ಧರ್ಮಾಧರ್ಮದ ಮಾತು ಎಲ್ಲಿಂದ ಬಂತು ಎಂದು ವಾಚಕರು ಕೇಳಬಹುದು. ಆದರೆ ದೊಡ್ಡ ಪ್ರಶ್ನೆಗಳು ದೊಡ್ಡ ಸಂದರ್ಭಕ್ಕಾಗಿ ಕಾದು ಕುಳಿತಿರುವುದಿಲ್ಲ. ಆ ಗಾಡಿಯಲ್ಲಿ ಒಬ್ಬ ಚಕ್ರ ಹಿಡಿದವನು. ಇನ್ನೊಬ್ಬ ಕೇಳಿ, ತಿಳಿದು, ಒಪ್ಪಿ ಬಂದವನು. ಮೂರನೆಯದು ಏನನ್ನೂ ಕೇಳದೆ ನಂಬಿ ಬಂದದ್ದು. ಒಪ್ಪಿ ಬಂದವನಿಗೂ ನಂಬಿ ಬಂದವನಿಗೂ ಚಕ್ರ ಹಿಡಿದವನು ಸಲ್ಲಿಸಬೇಕಾದ ಋಣ ಒಂದೆಯೇ? ಬೇರೆಯಾದರೆ ಯಾರದು ಹೆಚ್ಚು? ಇದು ಕೇವಲ ನಾಯಿಯ ಪ್ರಶ್ನೆಯಲ್ಲವೆಂಬುದು ಮುಂದೆ ಕಂಡೀತು.

ಮೋಟಾರು, ಸ್ನೇಹಿತ, ನಾಯಿ ಈ ಮೂರೂ ಕೂಡಿದ ಪ್ರಯಾಣಗಳಲ್ಲಿ ಹೆಸರು ಪಡೆದದ್ದೊಂದು 1903ರಲ್ಲಿ ಅಮೆರಿಕದಲ್ಲಿ ನಡೆಯಿತು. ಹೊರೇಷಿಯೊ ನೆಲ್ಸನ್ ಜ್ಯಾಕ್‌ಸನ್ ಎಂಬ ವರ್ಮಾಂಟಿನ ವೈದ್ಯ, ಆಗಿನ್ನೂ ಮೂವತ್ತೊಂದು ವರ್ಷದವನು, ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಕ್ಲಬ್ಬಿನಲ್ಲಿ ಮಾತಿಗೆ ಮಾತು ಬೆಳೆದು 50 ಡಾಲರ್ ಪಂದ್ಯ ಕಟ್ಟಿದ: ತೊಂಬತ್ತು ದಿನದೊಳಗೆ ಮೋಟಾರಿನಲ್ಲಿ ದೇಶವನ್ನು ದಾಟಿ ನ್ಯೂಯಾರ್ಕ್ ಸೇರುತ್ತೇನೆ ಎಂದು. ಅಂದು ಅವನ ಬಳಿ ಸ್ವಂತದ ಗಾಡಿಯೂ ಇರಲಿಲ್ಲ. ಯಂತ್ರಜ್ಞಾನವಿದ್ದ ಸೀವಲ್ ಕ್ರಾಕರ್ ಎಂಬ ಯುವಕನನ್ನು ಜೊತೆಗೆ ಕರೆದುಕೊಂಡು, 20 ಅಶ್ವಶಕ್ತಿಯ ವಿಂಟನ್ ಗಾಡಿಯೊಂದನ್ನು ಕೊಂಡು, ಅದಕ್ಕೆ 'ವರ್ಮಾಂಟ್' ಎಂದು ತನ್ನ ಊರುಸೀಮೆಯ ಹೆಸರಿಟ್ಟು, ಮೇ 23ರಂದು ಹೊರಟ. ಗಾಡಿಗೆ ಮೇಲ್ಮುಚ್ಚಳವಿಲ್ಲ, ಮುಂದೆ ಗಾಜಿಲ್ಲ. ದೇಶದ ಪಶ್ಚಿಮ ಭಾಗದಲ್ಲಿ ರಸ್ತೆಯೆಂಬುದೇ ಹೆಚ್ಚು ಕಡಮೆ ಇಲ್ಲ. ಮಲಗುವ ಚೀಲ, ಅಡಿಗೆಯ ಪಾತ್ರೆ, ಕೆಸರಿನಿಂದ ಗಾಡಿಯನ್ನು ಎಳೆಯುವುದಕ್ಕೆ ರಾಟೆ ಮತ್ತು ಹಗ್ಗ, ಇವು ಅವರ ಸಾಮಾನು.

ಐಡಹೊ ಸೀಮೆಯಲ್ಲಿ ಅವರಿಗೆ ಮೂರನೆಯ ಜೊತೆ ಸಿಕ್ಕಿತು. ಬಡ್ ಎಂಬ ಬುಲ್‌ಡಾಗ್ ಜಾತಿಯ ನಾಯಿಯನ್ನು ಜ್ಯಾಕ್‌ಸನ್ 15 ಡಾಲರ್ ಕೊಟ್ಟು ಕೊಂಡ. ಮರುಭೂಮಿಯ ಸವಳು ಧೂಳು ನಾಯಿಯ ಕಣ್ಣಿಗೆ ಹೊಡೆದು ಕಣ್ಣು ಕೆಂಪಾಗಿ ಉರಿಯತೊಡಗಿತು. ಚಾಲಕರು ಹಾಕಿಕೊಳ್ಳುವಂಥದೇ ಒಂದು ಕನ್ನಡಕವನ್ನು ಅವರು ಬಡ್‌ನ ಕಣ್ಣಿಗೂ ಕಟ್ಟಿದರು. ಆಮೇಲೆ ಅದು ಮುಂದಿನ ಆಸನದಲ್ಲಿ ಕುಳಿತು, ರಸ್ತೆಯ ಹಳ್ಳತಿಟ್ಟುಗಳನ್ನು ಮುಂಚಿತವಾಗಿ ನೋಡಿ, ಗಾಡಿ ಕುಲುಕುವುದಕ್ಕೆ ಮೊದಲೇ ಮೈ ಬಿಗಿಹಿಡಿಯುವುದನ್ನು ಕಲಿಯಿತಂತೆ. ಹೀಗೆ ಅರವತ್ತಮೂರು ದಿನ ಕಳೆದು ಜುಲೈ 26ರ ಬೆಳಗಿನ ಜಾವ ಮೂವರೂ ನ್ಯೂಯಾರ್ಕ್ ಸೇರಿದರು. ಐವತ್ತು ಡಾಲರಿನ ಪಂದ್ಯಕ್ಕೆ ಜ್ಯಾಕ್‌ಸನ್ ಕೈಬಿಟ್ಟು ಕಳೆದದ್ದು ಸುಮಾರು 8,000 ಡಾಲರ್. ಗೆದ್ದ ಹಣವನ್ನು ವಸೂಲು ಮಾಡಿಕೊಳ್ಳಲೂ ಇಲ್ಲವೆಂದು ಹೇಳುತ್ತಾರೆ. ಬಡ್ ತನ್ನ ಉಳಿದ ಆಯುಸ್ಸನ್ನು ವರ್ಮಾಂಟಿನಲ್ಲಿ ಜ್ಯಾಕ್‌ಸನ್‌ನ ಮನೆಯಲ್ಲಿ ಕಳೆಯಿತು. ಆ ಗಾಡಿಯನ್ನೂ ನಾಯಿಯ ಆ ಪುಟ್ಟ ಕನ್ನಡಕವನ್ನೂ ವಾಷಿಂಗ್‌ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ ಕಾಪಾಡಿಟ್ಟಿದ್ದಾರೆ.

ಈ ಪ್ರಯಾಣದಲ್ಲಿ ಮೂವರಿಗೆ ದೊರಕಿದ್ದೇನೆಂದು ಲೆಕ್ಕ ಹಾಕಿ ನೋಡೋಣ. ಜ್ಯಾಕ್‌ಸನ್‌ಗೆ ಕೀರ್ತಿ ಬಂತು. ಹೋಗಬೇಕೆಂಬ ಹಟ ಅವನದೇ ಆಗಿತ್ತು. ಕ್ರಾಕರ್ ಕಷ್ಟವನ್ನು ಅರಿತೇ ಹೊರಟವನು. ಸಾಕೆನಿಸಿದ್ದರೆ ಯಾವುದಾದರೂ ರೈಲು ನಿಲ್ದಾಣದಲ್ಲಿ ಇಳಿದು ಮನೆಗೆ ಹೋಗಬಹುದಾಗಿತ್ತು. ಬಡ್‌ಗೆ ಪಂದ್ಯ ತಿಳಿಯದು, ನ್ಯೂಯಾರ್ಕ್ ತಿಳಿಯದು, ಕೀರ್ತಿಯಂತೂ ಬೇಕಾಗಿಯೇ ಇಲ್ಲ. ಅದಕ್ಕೆ ಸಂದದ್ದು ಒಂದು ಕನ್ನಡಕ, ಒಂದು ಆಸನ, ಕೊನೆಗೊಂದು ಮನೆ. ಆದರೆ ಈ ಮೂರೂ ಚಿಕ್ಕವಲ್ಲ. ಧೂಳು ತಮ್ಮ ಕಣ್ಣಿಗೆ ಬೀಳುವಂತೆಯೇ ಅದರ ಕಣ್ಣಿಗೂ ಬೀಳುತ್ತದೆಂಬುದನ್ನು ಅವರು ಗಮನಿಸಿದರು. ಗಮನಿಸಿದ ಮೇಲೆ ಸುಮ್ಮನಿರಲಿಲ್ಲ. ನಗು ತರಿಸುವ ಆ ಕನ್ನಡಕ ಒಂದು ಒಪ್ಪಂದದ ಗುರುತು.

ಈ ಒಪ್ಪಂದ ಮೋಟಾರಿಗಿಂತಲೂ ಚಕ್ರಕ್ಕಿಂತಲೂ ಬಹಳ ಹಳೆಯದು. ಜರ್ಮನಿಯ ಬಾನ್ ನಗರದ ಬಳಿ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲು ತೆಗೆಯುವವರಿಗೆ ಒಂದು ಸಮಾಧಿ ಸಿಕ್ಕಿತು. ಸುಮಾರು ಹದಿನಾಲ್ಕು ಸಾವಿರ ವರ್ಷದ ಹಿಂದಿನದು. ಅದರಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಒಂದು ನಾಯಿಯ ಎಲುಬುಗಳಿದ್ದವು. ಆ ಮರಿಗೆ ಏಳು ತಿಂಗಳು ತುಂಬಿತ್ತೋ ಇಲ್ಲವೋ. ಅದರ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೇಳಿದ್ದೇನೆಂದರೆ, ಅದು ಡಿಸ್ಟೆಂಪರ್ ರೋಗದಿಂದ ವಾರಗಟ್ಟಲೆ ನರಳಿರಬೇಕು. ಮನುಷ್ಯರ ಆರೈಕೆಯಿಲ್ಲದೆ ಅಷ್ಟು ದಿನವೂ ಬದುಕಿರಲಾರದು. ಬೇಟೆಗೆ ಬಾರದ, ಕಾವಲಿಗೆ ಒದಗದ ಒಂದು ರೋಗಿಷ್ಠ ಮರಿಗೆ, ತಮಗೇ ನಾಳೆಯ ಊಟದ ಭರವಸೆಯಿಲ್ಲದ ಜನ ನೀರು ಕುಡಿಸಿ, ಬೆಚ್ಚಗಿಟ್ಟು, ಸತ್ತ ಮೇಲೆ ತಮ್ಮವರ ಜೊತೆ ಮಣ್ಣು ಮಾಡಿದರು. ನಾಯಿಯನ್ನು ಮನುಷ್ಯ ಪ್ರಯೋಜನಕ್ಕಾಗಿಯೇ ಸಾಕಿದನೆಂಬ ಮಾತು ಎಲ್ಲ ಕಾಲಕ್ಕೂ ಪೂರ್ತಿ ನಿಜವಲ್ಲ.

ಈಗ ಸ್ನೇಹಿತನ ವಿಷಯ. ಅರಿಸ್ಟಾಟಲನು ಸ್ನೇಹವನ್ನು ಮೂರು ಬಗೆಯಾಗಿ ಎಣಿಸಿದ: ಪ್ರಯೋಜನದಿಂದ ಹುಟ್ಟಿದ್ದು, ಸುಖದಿಂದ ಹುಟ್ಟಿದ್ದು, ಗುಣವನ್ನು ಮೆಚ್ಚಿ ಹುಟ್ಟಿದ್ದು. ಎರಡು ದಿನದ ಡೇರೆಯ ವಾಸದಲ್ಲಿ ಮೂರಕ್ಕೂ ಪರೀಕ್ಷೆ ನಡೆಯುತ್ತದೆ. ಒದ್ದೆ ಸೌದೆ ಹೊತ್ತದಿದ್ದಾಗ, ದಾರಿ ತಪ್ಪಿದಾಗ, ಅನ್ನ ಸೀದಾಗ ಸ್ನೇಹದ ಬಣ್ಣ ಬಯಲಾಗುತ್ತದೆ. ಆದರೆ ಎಷ್ಟೇ ಜಗಳವಾದರೂ ಸ್ನೇಹಿತನಿಗೆ ಬಾಯಿದೆ. "ನಿಲ್ಲಿಸಯ್ಯ, ಸಾಕಾಯಿತು" ಎನ್ನಬಲ್ಲ. "ನಿನ್ನ ಮಾತು ಕೇಳಿ ಬಂದದ್ದೇ ತಪ್ಪು" ಎಂದು ಮುಖ ತಿರುಗಿಸಬಲ್ಲ. ಖರ್ಚಿನ ಲೆಕ್ಕದಲ್ಲಿ ಸೇಡು ತೀರಿಸಿಕೊಳ್ಳಲೂ ಬಲ್ಲ. ಮಾತು ಇರುವ ಕಡೆ ನ್ಯಾಯವು ಹೇಗೋ ತನ್ನ ದಾರಿಯನ್ನು ತಾನೇ ಕಂಡುಕೊಳ್ಳುತ್ತದೆ. ಒಪ್ಪಿಗೆಗೆ ಇರುವ ದೊಡ್ಡ ಗುಣವಿದು: ಅದು ತನ್ನನ್ನು ತಾನು ಕಾದುಕೊಳ್ಳುತ್ತದೆ, ಕೊಟ್ಟವನೇ ಅದನ್ನು ಹಿಂದಕ್ಕೆ ಪಡೆಯಬಹುದು. ನಂಬಿಕೆಗೆ ಆ ಕಾವಲಿಲ್ಲ. ನಾಯಿ ಹಸಿದರೆ ಕುಂಯಿಗುಟ್ಟಬಹುದು, ನೊಂದರೆ ಅರಚಬಹುದು. ಆದರೆ "ನೀನು ಹಿಡಿದ ದಾರಿ ಸರಿಯಿಲ್ಲ" ಎಂದು ಅದು ಹೇಳಲಾರದು. ಅದರ ಪರವಾಗಿ ವಾದಿಸುವುದಕ್ಕೆ ಇರುವ ವಕೀಲ ಒಬ್ಬನೇ, ಚಕ್ರ ಹಿಡಿದವನ ಮನಸ್ಸಾಕ್ಷಿ. ತೀರ್ಪು ಕೊಡುವವನೂ ಅವನೇ. ಆದುದರಿಂದ ಒಪ್ಪಿ ಬಂದವನಿಗಿಂತ ನಂಬಿ ಬಂದವನ ಋಣವೇ ಭಾರವಾದದ್ದು ಎಂದು ನನಗೆ ತೋರುತ್ತದೆ.

ಇದಕ್ಕೆ ವಿರುದ್ಧವಾದ ಒಂದು ದೃಷ್ಟಿಯೂ ಉಂಟು. ಪ್ರಾಚೀನ ಗ್ರೀಸಿನ ಸ್ಟೋಯಿಕ್ ಪಂಥದ ಜೀನೋ ಮತ್ತು ಕ್ರಿಸಿಪ್ಪಸ್ ಎಂಬ ತತ್ತ್ವಜ್ಞರು ವಿಧಿಯನ್ನು ವಿವರಿಸುವುದಕ್ಕೆ ಬಂಡಿಗೆ ಕಟ್ಟಿದ ನಾಯಿಯ ದೃಷ್ಟಾಂತವನ್ನು ಕೊಟ್ಟರೆಂದು ಹೇಳುತ್ತಾರೆ. ಬಂಡಿ ಹೊರಡುತ್ತದೆ. ನಾಯಿಗೆ ಮನಸ್ಸಿದ್ದರೆ ಅದು ಬಂಡಿಯ ಜೊತೆಗೆ ಓಡುತ್ತದೆ. ಮನಸ್ಸಿಲ್ಲದಿದ್ದರೆ ಎಳೆಸಿಕೊಂಡು ಹೋಗುತ್ತದೆ. ಎರಡರಲ್ಲೂ ಹೋಗುವುದು ತಪ್ಪದು. ಆದುದರಿಂದ ಜಾಣನಾದವನು ಇಷ್ಟಪಟ್ಟೇ ಓಡಬೇಕು. ಕಷ್ಟ ಬಂದಾಗ ನಮಗೆ ನಾವು ಹೇಳಿಕೊಳ್ಳುವುದಕ್ಕೆ ಇದು ಗಟ್ಟಿಯಾದ ಮಾತು. ಈ ಮಾತಿನಿಂದ ಧೈರ್ಯ ಪಡೆದವರು ಎರಡು ಸಾವಿರ ವರ್ಷದಿಂದ ಇದ್ದಾರೆ. ಆದರೆ ದೃಷ್ಟಾಂತವನ್ನು ಇನ್ನೊಂದು ಕಡೆಯಿಂದ ನೋಡಿದರೆ ಒಂದು ಕೊರತೆ ಕಾಣುತ್ತದೆ. ನಾಯಿ ಹೇಗೆ ಓಡಬೇಕೆಂದು ಹೇಳಿದವರು ಬಂಡಿಯವನು ಹೇಗೆ ಹೊಡೆಯಬೇಕೆಂದು ಹೇಳಲಿಲ್ಲ. ಅವರ ಬಂಡಿ ವಿಧಿಯದು. ವಿಧಿಗೆ ಬುದ್ಧಿ ಹೇಳುವವರು ಯಾರು? ನಮ್ಮ ಬಂಡಿಯ ಮೂಕಿಯ ಮೇಲೆ ಮನುಷ್ಯ ಕುಳಿತಿದ್ದಾನೆ. ಅವನಿಗೆ ಕಣ್ಣಿದೆ, ಹಿಂತಿರುಗಿ ನೋಡುವ ಕತ್ತಿದೆ, ಹಗ್ಗ ಜಗ್ಗುತ್ತಿದೆಯೆಂದು ತಿಳಿದರೆ ಎತ್ತನ್ನು ತಡೆಯುವ ಕೈಯಿದೆ. ಸಹನೆಯ ಉಪದೇಶ ಎಳೆಸಿಕೊಳ್ಳುವವನಿಗೆ ಒಪ್ಪಬಹುದು. ಎಳೆಯುವವನು ಅದನ್ನು ತನ್ನ ಸಮರ್ಥನೆಗೆ ಬಳಸಿದರೆ ಅದು ತತ್ತ್ವವಾಗಿ ಉಳಿಯುವುದಿಲ್ಲ, ನೆಪವಾಗುತ್ತದೆ.

ಎಳೆಯುವವನ ಧರ್ಮವೇನೆಂಬುದನ್ನು ವಿಚಾರಿಸಿದ ಕಥೆ ನಮ್ಮಲ್ಲಿಯೇ ಇದೆ. ಗದುಗಿನ ಭಾರತವನ್ನಷ್ಟೇ ಓದಿದವರಿಗೆ ಅದು ಸಿಕ್ಕದು. ಕುಮಾರವ್ಯಾಸ ಗದಾಪರ್ವಕ್ಕೆ ಕಥೆಯನ್ನು ನಿಲ್ಲಿಸಿದ. ಮೂಲ ಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಪಾಂಡವರು ರಾಜ್ಯವನ್ನು ಪರೀಕ್ಷಿತನಿಗೆ ವಹಿಸಿ, ದ್ರೌಪದಿಯೊಡನೆ ಉತ್ತರದ ದಾರಿ ಹಿಡಿಯುತ್ತಾರೆ. ಹಸ್ತಿನಾವತಿಯಿಂದ ಒಂದು ನಾಯಿ ಅವರ ಬೆನ್ನು ಹತ್ತುತ್ತದೆ. ಯಾರೂ ಕರೆದದ್ದಲ್ಲ, ಎಲ್ಲಿಗೆಂದು ಅದು ಕೇಳಲೂ ಇಲ್ಲ. ದಾರಿಯಲ್ಲಿ ಮೊದಲು ದ್ರೌಪದಿ ಬೀಳುತ್ತಾಳೆ. ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ. ಧರ್ಮರಾಜ ಹಿಂದಿರುಗಿ ನೋಡದೆ ನಡೆಯುತ್ತಾನೆ. ಕೊನೆಗೆ ಇಂದ್ರನ ರಥ ಬಂದು, "ಹತ್ತು, ಆದರೆ ನಾಯಿಯನ್ನು ಬಿಡು" ಎಂದಾಗ ಮಾತ್ರ ಅವನು ನಿಲ್ಲುತ್ತಾನೆ.

ಇಲ್ಲಿ ಇಂದ್ರ ಕೇಳುವ ಪ್ರಶ್ನೆ ನಾವೂ ಕೇಳಬಹುದಾದದ್ದೇ. ತಮ್ಮಂದಿರನ್ನು ಬಿಟ್ಟೆ, ಹೆಂಡತಿಯನ್ನು ಬಿಟ್ಟೆ, ನಾಯಿಯನ್ನು ಬಿಡಲಾರೆಯಾ? ಧರ್ಮರಾಜನ ಉತ್ತರದ ತಾತ್ಪರ್ಯ ಇಷ್ಟು: ಅವರು ಸತ್ತರು, ಸತ್ತವರನ್ನು ಬದುಕಿಸುವುದು ನನ್ನ ಕೈಯಲ್ಲಿಲ್ಲ, ಬದುಕಿರುವಾಗ ನಾನು ಅವರನ್ನು ಬಿಡಲಿಲ್ಲ. ಇದು ಬದುಕಿದೆ, ನನ್ನನ್ನೇ ನಂಬಿದೆ. ಶರಣು ಬಂದವನನ್ನು ಹೆದರಿಸಿ ಅಟ್ಟುವುದು, ಹೆಣ್ಣನ್ನು ಕೊಲ್ಲುವುದು, ಬ್ರಾಹ್ಮಣನ ಸೊತ್ತನ್ನು ಅಪಹರಿಸುವುದು, ಮಿತ್ರದ್ರೋಹ, ಈ ನಾಲ್ಕಕ್ಕೂ ನಂಬಿದವನನ್ನು ಕೈಬಿಡುವುದು ಸಮಾನವೆಂದು ಅವನು ಹೇಳುತ್ತಾನೆ. ಗಮನಿಸಬೇಕಾದದ್ದು, ನಾಯಿ ಉಪಕಾರ ಮಾಡಿತೆಂದು ಅವನು ಹೇಳುವುದಿಲ್ಲ. ಅದರ ಮೇಲೆ ತನಗೆ ಪ್ರೀತಿಯೆಂದೂ ಕಾರಣ ಕೊಡುವುದಿಲ್ಲ. ಅದು ನಂಬಿ ಬಂದಿತು ಎಂಬ ಒಂದೇ ಕಾರಣ ಸಾಕಾಗಿದೆ. ಆಮೇಲೆ ನಾಯಿ ಧರ್ಮದೇವತೆಯ ರೂಪ ತಾಳಿತೆಂಬುದನ್ನು ಹಿಡಿದು, "ಅದೊಂದು ಪರೀಕ್ಷೆ" ಎಂದು ನಾವು ಕಥೆಯನ್ನು ಹಗುರ ಮಾಡಿಬಿಡುತ್ತೇವೆ. ಅದು ದೇವತೆಯೆಂದು ಮೊದಲೇ ತಿಳಿದಿದ್ದರೆ ಬಿಡದಿದ್ದುದರಲ್ಲಿ ಹೆಚ್ಚಳವೇನು? ವ್ಯಾಪಾರಿಯೂ ಬಿಡುತ್ತಿರಲಿಲ್ಲ. ಬರೀ ನಾಯಿಯೆಂದು ತಿಳಿದಿದ್ದೂ ಸ್ವರ್ಗದ ಬಾಗಿಲಲ್ಲಿ ನಿಂತು ಬೇಡವೆಂದನಲ್ಲ, ಕಥೆಯ ಸತ್ತ್ವ ಅಲ್ಲಿದೆ.

ಇದಕ್ಕೆ ತೀರ ಎದುರಾದ ಒಂದು ಪ್ರಯಾಣ 1957ರ ನವೆಂಬರ್ 3ರಂದು ಹೊರಟಿತು. ಮಾಸ್ಕೋದ ಬೀದಿಯಲ್ಲಿ ಅಲೆಯುತ್ತಿದ್ದ ಲೈಕಾ ಎಂಬ ಹೆಣ್ಣುನಾಯಿಯನ್ನು ಸೋವಿಯತ್ ವಿಜ್ಞಾನಿಗಳು ಸ್ಪುಟ್ನಿಕ್ 2ರಲ್ಲಿ ಇರಿಸಿ ಆಕಾಶಕ್ಕೆ ಕಳುಹಿಸಿದರು. ಅದನ್ನು ಮರಳಿ ತರುವ ಏರ್ಪಾಟು ನೌಕೆಯಲ್ಲಿ ಇರಲಿಲ್ಲ. ಕಳುಹಿಸಿದವರಿಗೆ ಅದು ಗೊತ್ತಿತ್ತು. ಹಾರುವ ಮುನ್ನ ವ್ಲಾದಿಮಿರ್ ಯಾಜ್ದೋವ್‌ಸ್ಕಿ ಎಂಬ ವಿಜ್ಞಾನಿ ಅದನ್ನು ತನ್ನ ಮನೆಗೆ ಕರೆದೊಯ್ದು ತನ್ನ ಮಕ್ಕಳೊಡನೆ ಆಡಲು ಬಿಟ್ಟನಂತೆ. ಲೈಕಾ ಕಕ್ಷೆಯಲ್ಲಿ ಹಲವು ದಿನ ಬದುಕಿತ್ತೆಂದು ಲೋಕ ಬಹುಕಾಲ ನಂಬಿತ್ತು. ಹಾರಿದ ಕೆಲವೇ ಗಂಟೆಗಳಲ್ಲಿ ಸೆಕೆ ತಾಳದೆ ಸತ್ತಿತೆಂಬ ಸಂಗತಿ ಹೊರಬಿದ್ದದ್ದು 2002ರಲ್ಲಿ. ನೌಕೆ 1958ರ ಏಪ್ರಿಲ್‌ನಲ್ಲಿ ಭೂಮಿಯ ಗಾಳಿಗೆ ಬಿದ್ದು ಉರಿದುಹೋಯಿತು. ಆ ಕೆಲಸದಲ್ಲಿ ಪಾಲ್ಗೊಂಡಿದ್ದ ಒಲೆಗ್ ಗಜೆಂಕೊ 1998ರಲ್ಲಿ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟ. ಆ ಸಾವನ್ನು ಸಮರ್ಥಿಸುವಷ್ಟನ್ನು ತಾವು ಅದರಿಂದ ಕಲಿಯಲಿಲ್ಲವೆಂದು ಒಪ್ಪಿಕೊಂಡ.

ವಿಜ್ಞಾನಕ್ಕೆ ಪ್ರಾಣಿಗಳಿಂದ ಆದ ಉಪಕಾರವನ್ನು ಅಲ್ಲಗಳೆಯುವ ಉದ್ದೇಶ ನನ್ನದಲ್ಲ. ನಮ್ಮ ಮನೆಗಳಲ್ಲಿರುವ ಔಷಧಿಗಳಲ್ಲಿ ಎಷ್ಟೋ ಪ್ರಾಣಿಗಳ ಋಣವಿದೆ. ಇಡೀ ಪ್ರಶ್ನೆಯನ್ನು ಇಲ್ಲಿ ಇತ್ಯರ್ಥ ಮಾಡಲಾಗದು. ಆದರೂ ಆ ಒಂದು ಸಂಜೆ ಮಕ್ಕಳೊಡನೆ ಆಡಲು ಬಿಟ್ಟದ್ದೇಕೆ ಎಂಬುದನ್ನು ಯೋಚಿಸಬೇಕು. ಒಂದು ಯಂತ್ರದ ಬಿಡಿಭಾಗವನ್ನು ಯಾರೂ ಹೀಗೆ ಮನೆಗೆ ಕರೆದೊಯ್ಯುವುದಿಲ್ಲ. ಮರಳುವ ದಾರಿಯಿಲ್ಲದ ಕಡೆಗೆ, ತಮ್ಮನ್ನು ನಂಬಿದ ಜೀವವೊಂದನ್ನು ಅಟ್ಟುತ್ತಿದ್ದೇವೆಂಬ ಅರಿವು ಅಲ್ಲಿ ಇತ್ತು. ಸಾಲ ತೀರಿಸಲಾರೆನೆಂದು ತಿಳಿದವನು ಕೊಡುವ ಚಿಲ್ಲರೆ ಬಡ್ಡಿ ಅದು.

ಆ ಬಗೆಯ ಸಾಲವನ್ನು ಕಲ್ಲಿನಲ್ಲಿ ಬರೆದು ಒಪ್ಪಿಕೊಂಡವನೊಬ್ಬ ನಮ್ಮ ನಾಡಿನಲ್ಲಿ ಇದ್ದ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಹತ್ತನೆಯ ಶತಮಾನದ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ 949ರ ಯುದ್ಧದಲ್ಲಿ ಮಣಲೆರನೆಂಬ ವೀರ ಪರಾಕ್ರಮ ತೋರಿದ. ಮೆಚ್ಚಿ, ಬೇಡಿಕೋ ಎಂದಾಗ ಅವನು ಬೇಡಿದ್ದು 'ಕಾಳಿ' ಎಂಬ ನಾಯಿಯನ್ನು. ಆಮೇಲೆ ಬೇಟೆಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ಮಣಲೆರ ಆತಕೂರಿನ ದೇಗುಲದ ಮುಂದೆ ಕಲ್ಲು ನೆಡಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಉಂಡ ಪೂಜಾರಿಗೆ ಪಾಪ ತಟ್ಟುವುದೆಂದು ಬರೆಯಿಸಿದ. ಕಲ್ಲು ನೆಟ್ಟರೆ ನಾಯಿ ಬದುಕಿ ಬರುವುದಿಲ್ಲ. ಅದನ್ನು ಹಂದಿಯ ಮೇಲೆ ಬಿಟ್ಟವರೂ ಮನುಷ್ಯರೇ. ಆದರೂ ಸಾವಿರ ವರ್ಷದ ಹಿಂದೆ ಆಯುಧ ಹಿಡಿದ ಒಬ್ಬ ಮನುಷ್ಯ, ತನ್ನ ಆಟಕ್ಕೆ ಜೊತೆಯಾಗಿ ಬಂದು ಸತ್ತ ನಾಯಿಗೆ ತಾನು ಋಣಿಯೆಂದು ಊರೆದುರಿಗೆ ಹೇಳಿದ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿ ಇಂದಿಗೂ ಆ ಮದ್ದೂರಿನ ಸೀಮೆಯನ್ನು ಹಾದೇ ಹೋಗುತ್ತದೆ.

ಆ ದಾರಿಯಲ್ಲಿ ಶನಿವಾರ ಸಾಗುವ ನಮ್ಮ ಗಾಡಿಗೆ ಮರಳೋಣ. ತತ್ತ್ವ ದೊಡ್ಡದಾದರೂ ಅದರ ಆಚರಣೆ ಬಹಳ ಸಣ್ಣ ಕೆಲಸಗಳಲ್ಲಿದೆ. ತಿಂಡಿಗೆ ಇಳಿದವರು ನಾಯಿಯನ್ನು ಗಾಡಿಯಲ್ಲಿಯೇ ಬಿಟ್ಟು ಕಿಟಕಿಗಳನ್ನು ಏರಿಸಿ ಹೋಗುತ್ತಾರೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇರುವ ಹಗಲಲ್ಲಿ, ಬಿಸಿಲಿಗೆ ನಿಲ್ಲಿಸಿದ ಗಾಡಿಯ ಒಳಗೆ ಅರ್ಧ ಗಂಟೆಯೊಳಗೆ 45 ಡಿಗ್ರಿ ಮೀರಬಹುದು. ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿಟ್ಟರೂ ಹೆಚ್ಚಿನ ಅನುಕೂಲವಿಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುವುದೊಂದೇ ಅದರ ಉಪಾಯ. ಎರಡು ದೋಸೆ, ಒಂದು ಕಾಫಿ, ನಾಲ್ಕು ಮಾತು, ಇಷ್ಟರಲ್ಲಿ ಅದರ ಪ್ರಾಣಕ್ಕೆ ಸಂಚಕಾರ ಬಂದಿರುತ್ತದೆ. ಅಲ್ಲಿ ಕೇಡು ಬಗೆದವರು ಯಾರೂ ಇಲ್ಲ. ನೆನಪಿಡದವರು ಮಾತ್ರ ಇದ್ದಾರೆ. ಲೈಕಾಳನ್ನು ಕೊಂದದ್ದೂ ಸೆಕೆಯೇ ಎಂಬುದು ಆಗ ನೆನಪಾಗಬೇಕು.

ರಾತ್ರಿಯ ವಿಷಯವೂ ಹೀಗೆಯೇ. ಡೇರೆಯೊಳಗೆ ಜಾಗ ಸಾಲದೆಂದು ನಾಯಿಯನ್ನು ಹೊರಗೆ ಗೂಟಕ್ಕೆ ಕಟ್ಟುವವರುಂಟು. ಕಾವಲಿಗೂ ಆಯಿತೆಂಬ ಸಮಾಧಾನ ಬೇರೆ. ನಮ್ಮ ಬೆಟ್ಟಗುಡ್ಡಗಳ ಸೆರಗಿನಲ್ಲಿ ಚಿರತೆಗೆ ನಾಯಿ ಪ್ರಿಯವಾದ ಆಹಾರವೆಂಬುದು ಹಳ್ಳಿಯವರಿಗೆಲ್ಲ ಗೊತ್ತು. ಅಂಥ ಕಡೆ ಕಟ್ಟಿಹಾಕಿದ ನಾಯಿ ಕಾವಲುಗಾರನಲ್ಲ, ಓಡಿಹೋಗುವ ಸ್ವಾತಂತ್ರ್ಯವನ್ನೂ ಕಳೆದುಕೊಂಡ ಬಲಿ. ಇನ್ನು ಕಾಡಿನ ಒಳಕ್ಕೆ ಅದನ್ನು ಒಯ್ಯುವ ಮಾತು. ಅಭಯಾರಣ್ಯಗಳಲ್ಲಿ ಸಾಕುನಾಯಿಯನ್ನು ಬಿಡದಿರುವುದಕ್ಕೆ ಕಾರಣವಿದೆ. ಓಬರ್‌ಕಾಸೆಲ್ಲಿನ ಮರಿಯನ್ನು ನರಳಿಸಿದ ಆ ಡಿಸ್ಟೆಂಪರ್ ರೋಗವೇ 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಹರಡಿ, ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಕೊಂದಿತು. ಸುತ್ತಲಿನ ಊರುಗಳ ನಾಯಿಗಳಿಂದ ಅದು ಬಂದಿತೆಂದು ತಜ್ಞರು ಎಣಿಸಿದರು. ನಾಯಿಗೆ ಇದು ತಿಳಿಯದು. ಅದಕ್ಕೆ ತಿಳಿಯದ್ದನ್ನೆಲ್ಲ ತಿಳಿದಿರಬೇಕಾದ ಹೊಣೆ, ಅದನ್ನು ಕರೆತಂದವನ ಮೇಲೆ ಬೀಳುತ್ತದೆ. ಲಸಿಕೆ ಹಾಕಿಸದೆ ಹೊರಟವನು ತನ್ನ ನಾಯಿಗೂ ದ್ರೋಹ ಮಾಡುತ್ತಾನೆ, ತಾನು ಅತಿಥಿಯಾಗಿ ಹೋದ ಕಾಡಿಗೂ ಮಾಡುತ್ತಾನೆ.

ಎಲ್ಲಕ್ಕಿಂತ ಕೊನೆಯದು ಬಿಟ್ಟುಬರುವ ಪಾಪ. ಮರಿಯಾಗಿದ್ದಾಗ ಮುದ್ದೆಂದು ತಂದು, ಬೆಳೆದ ಮೇಲೆ ಹೊರೆಯೆಂದು ಬಗೆದು, "ಪ್ರವಾಸ"ಕ್ಕೆ ಕರೆದೊಯ್ದು ಹೆದ್ದಾರಿಯಲ್ಲಿ ಇಳಿಸಿ ಬರುವವರು ನಮ್ಮ ನಡುವೆ ಇದ್ದಾರೆ. ಗಾಡಿ ಹೊರಟ ಮೇಲೂ ನಾಯಿ ಬಹುದೂರ ಹಿಂದೆ ಓಡುತ್ತದೆ. ತನ್ನನ್ನು ಮರೆತರೆಂದು ಅದು ಭಾವಿಸುತ್ತದೆಯೇ ಹೊರತು ಬಿಟ್ಟರೆಂದಲ್ಲ. 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನು ಅಪರಾಧವೆಂದೇ ಎಣಿಸಿತು. ಆದರೆ ಮೊದಲ ತಪ್ಪಿಗೆ ಅದು ಗೊತ್ತುಮಾಡಿದ ದಂಡ 50 ರೂಪಾಯಿ ಮೀರದು. ಸ್ವರ್ಗವನ್ನೇ ಒಲ್ಲೆನೆಂದವನ ಕಥೆಯನ್ನು ಕೇಳಿ ಬೆಳೆದ ಜನ ಅದೇ ಧರ್ಮಕ್ಕೆ ಕಟ್ಟಿದ ಬೆಲೆ ಇದು.

"ಮನುಷ್ಯರಿಗೇ ಇಲ್ಲದ ನ್ಯಾಯ ನಾಯಿಗೇಕೆ?" ಎಂದು ಕೆಲವರು ಕೇಳುತ್ತಾರೆ. ನಾಯಿಪಾಡು ಎಂಬ ಮಾತನ್ನು ನಾವು ಹೆಚ್ಚಾಗಿ ಬಳಸುವುದು ಮನುಷ್ಯರ ವಿಷಯದಲ್ಲಿಯೇ ಎಂಬುದು ನಿಜ. ಆದರೆ ಎರಡು ನ್ಯಾಯಗಳೂ ಬೇರೆಬೇರೆ ಚೀಲದಲ್ಲಿ ಇಲ್ಲ. ನಮ್ಮ ಗಾಡಿಯಲ್ಲಿ ನಂಬಿ ಕುಳಿತಿರುವವರು ನಾಯಿಗಳಷ್ಟೇ ಅಲ್ಲ. ಊರಿನ ಮನೆಯನ್ನು ಮಾರಿ, "ನಮ್ಮ ಜೊತೆಗೇ ಇದ್ದುಬಿಡಿ, ಅಮ್ಮ" ಎಂದು ನಗರದ ಏಳನೆಯ ಅಂತಸ್ತಿಗೆ ಕರೆತಂದ ಮುದುಕಿ ಎಲ್ಲಿಗೆ, ಎಷ್ಟು ದಿನಕ್ಕೆ ಎಂದು ಕೇಳಲಿಲ್ಲ. ಅಪ್ಪನಿಗೆ ವರ್ಗವಾದಾಗಲೆಲ್ಲ ಶಾಲೆ ಬಿಟ್ಟು, ಗೆಳೆಯರನ್ನು ಬಿಟ್ಟು, ಹೊಸ ಊರಿಗೆ ಬರುವ ಮಗು ಕೇಳಿದರೂ ಅದರ ಮಾತು ನಡೆಯುವುದಿಲ್ಲ. ಸಾಲಕ್ಕೆ ಜಾಮೀನು ನಿಂತ ತಮ್ಮ, ಓದದೆಯೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ ಅಕ್ಕ, ಇವರೆಲ್ಲರೂ ಹಿಂದಿನ ಆಸನದವರೇ. ಅವರ ವಿಷಯದಲ್ಲಿ ನಮ್ಮ ನಡತೆಯನ್ನು ಮರೆಮಾಡಲು ಬೇಕಾದಷ್ಟು ಮಾತುಗಳಿವೆ: ಒಳ್ಳೆಯದಕ್ಕೇ ಮಾಡಿದೆ, ಅವರೂ ಒಪ್ಪಿದ್ದರು, ಇನ್ನೇನು ಮಾಡಬೇಕಾಗಿತ್ತು? ನಾಯಿಯ ವಿಷಯದಲ್ಲಿ ಈ ಮಾತುಗಳು ನಡೆಯುವುದಿಲ್ಲ. ಅದಕ್ಕೆ ಆಸ್ತಿಯಲ್ಲಿ ಪಾಲಿಲ್ಲ, ನ್ಯಾಯಾಲಯದಲ್ಲಿ ಬಾಯಿಲ್ಲ, ನಾಲ್ಕು ಜನರ ಮುಂದೆ ನಮ್ಮನ್ನು ದೂರುವ ಶಕ್ತಿಯಿಲ್ಲ. ಹೆದರಿಕೆಯೂ ಲಾಭವೂ ಇಲ್ಲದ ಕಡೆ ಒಬ್ಬನು ಹೇಗೆ ನಡೆಯುತ್ತಾನೆಂಬುದೇ ಅವನ ನಿಜವಾದ ಅಳತೆ.

ಹಾಗೆಂದು ನಾಯಿಯನ್ನು ಮನೆಯಲ್ಲೇ ಕಟ್ಟಿಹಾಕಿ ಹೋಗಿ ಎಂಬುದು ನನ್ನ ಅಭಿಪ್ರಾಯವಲ್ಲ. ಹೊಳೆಯ ನೀರಿಗೆ ಧುಮುಕಿ ಮೈ ಒದರುವಾಗ, ಹೊಸ ಹುಲ್ಲಿನ ವಾಸನೆಯನ್ನು ಒಂದೊಂದಾಗಿ ಮೂಸಿ ನೋಡುವಾಗ ಅದಕ್ಕೆ ಆಗುವ ಸಂತೋಷ ಸುಳ್ಳಲ್ಲ. ಅದರಿಂದ ಜೊತೆಯವರಿಗೆ ಆಗುವ ಲಾಭವೂ ಸಣ್ಣದಲ್ಲ. ನಾಯಿಯಿರುವ ಗಾಡಿ ಎರಡು ಗಂಟೆಗೊಮ್ಮೆಯಾದರೂ ನಿಲ್ಲಬೇಕು. ನಿಂತಾಗ ನೆರಳು ಹುಡುಕಬೇಕು, ನೀರು ಹುಡುಕಬೇಕು, ನಾಲ್ಕು ಹೆಜ್ಜೆ ಅಡ್ಡಾಡಬೇಕು. ಹೀಗೆ, ಊರು ತಲುಪುವ ಆತುರದಲ್ಲಿ ಕಣ್ಣಿಗೆ ಬೀಳದೆ ಹೋಗುತ್ತಿದ್ದ ಒಂದು ಆಲದ ಮರ, ಒಂದು ಕೆರೆಯ ಏರಿ, ಟೀ ಅಂಗಡಿಯವನ ಒಂದು ಒಳ್ಳೆಯ ಮಾತು ಸ್ನೇಹಿತರಿಬ್ಬರ ಪಾಲಿಗೆ ಬರುತ್ತವೆ. ರಾತ್ರಿ ಬೆಂಕಿಯ ಮುಂದೆ ಮಾತು ಮುಗಿದ ಮೇಲೆ ಇಬ್ಬರ ನಡುವೆ ಬರುವ ಮೌನ ಕೆಲವೊಮ್ಮೆ ಇರಿಸುಮುರಿಸು ಮಾಡುತ್ತದೆ. ನಡುವೆ ಒಂದು ನಾಯಿ ಮಲಗಿದ್ದರೆ ಆ ಮೌನಕ್ಕೆ ಕಾರಣ ಹೇಳಬೇಕಾಗಿಲ್ಲ. ತೀರ ದುರ್ಬಲನಾದವನ ಹೆಜ್ಜೆಗೆ ಹೊಂದಿಸಿಕೊಂಡ ಪ್ರಯಾಣದಲ್ಲಿ ಎಲ್ಲರಿಗೂ ಉಸಿರಾಡುವುದಕ್ಕೆ ಅವಕಾಶವಿರುತ್ತದೆ.

ಯಾವ ಪ್ರಯಾಣ ಚೆನ್ನಾಯಿತೆಂದು ಹೇಳುವುದಕ್ಕೆ ಜನ ಬೇರೆಬೇರೆ ಲೆಕ್ಕ ಇಡುತ್ತಾರೆ: ಎಷ್ಟು ಮೈಲಿ ಹೋದೆವು, ಎಷ್ಟು ಎತ್ತರ ಹತ್ತಿದೆವು, ಎಷ್ಟು ಚಿತ್ರ ತೆಗೆದೆವು. ಇವೆಲ್ಲ ಇರಲಿ. ಒಪ್ಪಿ ಬಂದವನು ಇನ್ನೊಮ್ಮೆ ಕರೆದರೆ ಒಪ್ಪುತ್ತಾನೋ ಇಲ್ಲವೋ ಎಂಬುದನ್ನು ಅವನ ಬಾಯಿಂದಲೇ ಕೇಳಿ ತಿಳಿಯಬಹುದು. ನಂಬಿ ಬಂದದ್ದನ್ನು ಕೇಳಿ ಪ್ರಯೋಜನವಿಲ್ಲ. ಅದು ಮುಂದಿನ ಶನಿವಾರವೂ ಬಾಗಿಲ ಸದ್ದಿಗೆ ಹಾಗೆಯೇ ಹಾರಿ ಕುಳಿತುಕೊಳ್ಳುತ್ತದೆ, ಹಿಂದಿನ ವಾರ ಏನೇ ಆಗಿರಲಿ. ಆದುದರಿಂದ ಎಲ್ಲಿಗೆಂಬ ಆ ಪ್ರಶ್ನೆಯನ್ನು ಅದರ ಪರವಾಗಿ ಚಕ್ರ ಹಿಡಿದವನೇ ಹೊರಡುವ ಮುಂಚೆ ಕೇಳಿಕೊಳ್ಳಬೇಕು. ಮರಳಿ ಬರುವುದು ಹೇಗೆ ಎಂಬುದನ್ನೂ ಅದರ ಜೊತೆಗೇ ಕೇಳಿಕೊಳ್ಳಬೇಕು.